ಗ್ಯಾಲರಿ ಗೋಡೆಯ ಮನೆ

ಆದಿವಾಸಿ ಕಲೆಯ ಪ್ರದರ್ಶನಗಳನ್ನು ರೂಪಿಸುವುದು ನನ್ನ ಕಸುಬು. ಕ್ಯುರೇಟರ್ ಅನ್ನುತ್ತಾರೆ. ದೆಹಲಿಯ ವಸಂತ್ ಕುಂಜ್‌ನ ನಮ್ಮ ಕನ್ನಡದ ನೆರೆಯವರಿಗೆ ಇದು ಇಂದಿಗೂ ಅರ್ಥವಾಗಿಲ್ಲ. “ಚಿತ್ರ ನೀವು ಬಿಡಿಸಲ್ಲ, ಮಾರೋದೂ ಇಲ್ಲ. ಮತ್ತೇನ್ರೀ ಮಾಡ್ತೀರಿ?” ಎಂದು ಕೇಳುತ್ತಾರೆ. ಬಾಯಿ ಮಾಡುತ್ತೇನೆ, ಅಷ್ಟೇ. ಆ ಬಾಯಿಯೇ ನನ್ನನ್ನು ಹಾಳು ಮಾಡಿತು.

ಲೋಧಿ ಕಾಲೋನಿಯ ಗ್ಯಾಲರಿಯೊಂದಕ್ಕೆ ಒಡಿಶಾದ ಬೆಟ್ಟದಿಂದ ಹಿರಿಯ ಚಿತ್ರಕಾರರೊಬ್ಬರನ್ನು ಕರೆಸಿದ್ದೆ. ಅವರ ಕಡೆ ಮಣ್ಣಿನ ಗೋಡೆಯ ಮೇಲೆ ಪುಟ್ಟ ಮನೆಯೊಂದನ್ನು ಬರೆದು, ಸತ್ತವರನ್ನು ಕರೆದು ಅದರೊಳಗೆ ಇರಿಸುತ್ತಾರೆ. ಅವರನ್ನು ನಾನು ದಾದಾ ಎನ್ನುತ್ತಿದ್ದೆ. ದಾದಾ ಮೊದಲ ದಿನ ಗ್ಯಾಲರಿಯ ಗೋಡೆಯ ಮೇಲೆ ಆನೆ, ನವಿಲು ಬರೆದರು. ನನಗೆ ಸಿಟ್ಟು ಬಂತು.

“ಇದು ಎಂಪೋರಿಯಂ ಮಾಲು, ದಾದಾ. ಊರಲ್ಲಿ ಬರೆಯೋ ಹಾಗೆ ನಿಜವಾಗಿ ಬರೀರಿ.”

ಅವರು ನನ್ನ ಮುಖವನ್ನೇ ನೋಡಿದರು. “ನಿಜವಾಗಿ?”

“ಹೂಂ, ನಿಜವಾಗಿ.”

ಮರುದಿನ ಅವರು ಉಪವಾಸವಿದ್ದು ಒಂದು ಮನೆ ಬರೆದರು. ನೋಡಿದವರೆಲ್ಲ ಕೊಂಡಾಡಿದರು. ನಾನು ಬೀಗಿದೆ.

ಪ್ರದರ್ಶನ ಮುಗಿಯುವ ಹೊತ್ತಿಗೆ ಊರಿನಿಂದ ಅವರ ಫೋನ್ ಬಂತು. “ಬೇಟಿ, ಗೋಡೆ ಅಳಿಸಬೇಡಿ. ತೀರಿಕೊಂಡ ನನ್ನ ಹೆಂಡತಿ ಅಲ್ಲಿದ್ದಾಳೆ. ನಮ್ಮ ಹೊಸ ಮನೆ ಸಿಮೆಂಟಿಂದು, ಅದರಲ್ಲಿ ಅವಳು ನಿಲ್ಲಲ್ಲ. ನೀನು ನಿಜವಾಗಿ ಬರೀ ಅಂದೆ, ನಾನು ಕರೆದೆ, ಬಂದಳು. ಹಿತ್ತಲಲ್ಲಿ ಮಣ್ಣಿನ ಗೋಡೆ ಎಬ್ಬಿಸ್ತಿದ್ದೀನಿ. ಆದ ಮೇಲೆ ಬಂದು ಕರ್ಕೊಂಡು ಹೋಗ್ತೀನಿ.”

ಅಯ್ಯೋ ದೇವರೇ! ಗ್ಯಾಲರಿಯ ಒಡತಿಯ ಕೈಕಾಲು ಹಿಡಿದೆ. “ಅಚ್ಛಾ, ಪಾಪ! ಆದ್ರೆ ಸೋಮವಾರ ಮುಂದಿನ ಶೋ ಇದೆಯಲ್ಲ? ಫೋಟೋ ತೆಗೆದಿದ್ದೀವಲ್ಲ?” ಎಂದರು. ಕೆಟ್ಟವರೇನಲ್ಲ. ಆದರೆ ಗೋಡೆ ಅವರದು, ನಾನು ಮೂರು ತಿಂಗಳ ಕರಾರಿನವಳು. ಮಾಡಿದ್ದುಣ್ಣೋ ಮಹರಾಯ ಅನ್ನೋಣವೆಂದರೆ, ಮಾಡಿದವಳು ನಾನು, ಉಣ್ಣುವವರು ದಾದಾ.

ಶನಿವಾರ ಬೆಳಿಗ್ಗೆ ಪೇಂಟರ್ ಭಯ್ಯಾ ರೋಲರ್ ಹಿಡಿದು ಬಂದ. “ಶುರು ಮಾಡ್ಲಾ ಮೇಡಂ?” ಎಂದ. ಬೇಡ ಅನ್ನುವ ಅಧಿಕಾರ ನನಗಿರಲಿಲ್ಲ. ಆದರೂ ಅನ್ನಬಹುದಿತ್ತು, ಅನ್ನಲಿಲ್ಲ. ಎರಡನೇ ಕೋಟ್‌ಗೆ ಆ ಮನೆ ಪೂರ್ತಿ ಮುಚ್ಚಿಹೋಯಿತು.

ಗೋಡೆ ಇನ್ನೂ ಆರಿರಲಿಲ್ಲ, ದಾದಾ ಫೋನ್ ಮಾಡಿದರು. “ಹಿತ್ತಲ ಗೋಡೆ ಎದ್ದಾಯ್ತು ಬೇಟಿ, ಟಿಕೆಟ್ಟೂ ಆಯ್ತು. ಚೆನ್ನಾಗಿದ್ದಾಳಾ?”

“ಇದ್ದಾರೆ ದಾದಾ” ಎಂದುಬಿಟ್ಟೆ.

“ಫೋನ್ ಗೋಡೆ ಹತ್ರ ಹಿಡಿ. ಬರ್ತಿದ್ದೀನಿ ಅಂತ ಅವಳಿಗೆ ನಾನೇ ಹೇಳ್ತೀನಿ.”

ಹಿಡಿದೆ. ಅವರು ತಮ್ಮ ಭಾಷೆಯಲ್ಲಿ ಏನೇನೋ ಹೇಳುತ್ತಲೇ ಹೋದರು, ನಡುವೆ ಒಮ್ಮೆ ನಕ್ಕರು. ನನಗೆ ಒಂದು ಮಾತೂ ಅರ್ಥವಾಗಲಿಲ್ಲ. ಒದ್ದೆ ಬಣ್ಣಕ್ಕೆ ತಾಗದಂತೆ ಫೋನ್ ಹಿಡಿದುಕೊಂಡು, ಅವರ ಮಾತು ಮುಗಿಯುವವರೆಗೂ ನಿಂತೇ ಇದ್ದೆ.