ಏಣಿಯಮ್ಮ ಕೂಡಿಟ್ಟ ಬಿಸಿಲು

ನಮ್ಮ ಮನೆಗೆ ಚಳಿಗಾಲ ಬಂತೆಂದು ಗೊತ್ತಾಗುವುದು ಏಣಿಯ ಸದ್ದಿನಿಂದ. ಬೆಳಗಿನ ಟೀ ಇನ್ನೂ ಒಲೆಯ ಮೇಲಿರುತ್ತದೆ, ಹಿತ್ತಲಲ್ಲಿ ದರದರ ಎಂದು ಏಣಿ ಎಳೆಯುವುದು ಕೇಳುತ್ತದೆ.

"ಮಂಡಿ ಮುರ್ಕೊಂಡ್ರೆ ನೋಡ್ಕೊಳ್ಳೋರು ಯಾರು? ಇಳೀರಿ ಕೆಳಗೆ!" ಎಂದು ನಾನು ಅಡುಗೆಮನೆಯ ಕಿಟಕಿಯಿಂದ ಕೂಗುತ್ತೇನೆ.

"ನೀನಿದ್ದೀಯಲ್ಲ ಮಾರಾಯ್ತಿ!" ಎಂದು ಮೇಲಿನಿಂದ ಉತ್ತರ ಬರುತ್ತದೆ. ಇಳಿಯುವುದಂತೂ ಇಲ್ಲ.

ಇವರು ನನ್ನ ಮಾವನ ತಂಗಿ. ಬೀದಿಗೆಲ್ಲ ಏಣಿಯಮ್ಮ, ನನಗೂ ಏಣಿಯಮ್ಮನೇ. ಗಂಡ ತೀರಿಕೊಂಡ ಮೇಲೆ ಅವರ ಬ್ರಷ್ಷು, ಬಣ್ಣದ ಡಬ್ಬಿ ಹಿಡಿದು ಅಂಗಡಿಗಳಿಗೆ ಬೋರ್ಡು ಬರೆದು ಬದುಕಿದವರು. ಹೆಂಗಸು ಏಣಿ ಹತ್ತುವುದೇ ಎಂದು ಮೂಗು ಮುರಿದವರ ಅಂಗಡಿಗೂ ಕೊನೆಗೆ ಇವರೇ ಬೋರ್ಡು ಬರೆದರು. ಪ್ರಿಂಟ್ ಮಾಡಿದ ಬೋರ್ಡುಗಳು ಬಂದು ಆ ಕೆಲಸ ನಿಂತ ಮೇಲೆ ಏಣಿಯ ಸಮೇತ ಅಣ್ಣನ ಮನೆಗೆ, ಅಂದರೆ ನಮ್ಮಲ್ಲಿಗೆ ಬಂದರು. ಅಷ್ಟು ಹೊತ್ತಿಗೆ ಅಣ್ಣನಿಗೆ ಮರೆವು ಶುರುವಾಗಿತ್ತು.

ಮಾವನ ಮರೆವು ಕೂತಲ್ಲೇ ಕೂರುವಂಥದ್ದಲ್ಲ, ಎದ್ದು ನಡೆಯುವಂಥದ್ದು. ಚಪ್ಪಲಿ ಮೆಟ್ಟಿದರೆಂದರೆ ಹಿಂದಿನ ಗೇಟು ದಾಟಿ ಹೊರಟೇಬಿಡುತ್ತಾರೆ. ಆ ದಾರಿ ಹೋಗಿ ಮುಟ್ಟುವುದು ನೀರು ತುಂಬಿ ನಿಂತ ಹಳೆಯ ಕಲ್ಲುಗಣಿಗೆ. ಗೇಟಿಗೆ ಬೀಗ ಹಾಕೋಣವೆಂದರೆ ಅದು ಅಕ್ಕಪಕ್ಕದ ಮನೆಗಳಿಗೂ ಸೇರಿದ್ದು, ದಿನವಿಡೀ ಜನ ಓಡಾಡುತ್ತಾರೆ. ಅದಕ್ಕೇ ಅಲ್ಲೊಂದು ಸೋಲಾರ್ ಕ್ಯಾಮೆರಾ ಹಾಕಿಸಿದೆವು. ಯಾರಾದರೂ ಗೇಟು ದಾಟಿದರೆ ನಮ್ಮ ಫೋನುಗಳಲ್ಲಿ ಗಂಟೆ ಬಾರಿಸುತ್ತದೆ. ಬೇಸಿಗೆಯಲ್ಲಿ ಅದು ಚಿನ್ನದಂಥ ಕ್ಯಾಮೆರಾ. ಚಳಿಗಾಲದಲ್ಲಿ ಮಾತ್ರ ಶುದ್ಧ ಸೋಮಾರಿ.

ಹೋದ ಚಳಿಗಾಲದ ಆರಂಭದಲ್ಲಿ ಅದರ ಬ್ಯಾಟರಿ ಪೂರ್ತಿ ಇಳಿಯಿತು. ಕರೆಂಟಿನಲ್ಲಿ ಚಾರ್ಜ್ ಮಾಡೋಣವೆಂದು ನನ್ನ ಗಂಡ ಅದನ್ನು ಕಳಚಿ ಒಳಗೆ ತಂದರು. ಕಾವಲಿಲ್ಲದ ಅದೇ ಹೊತ್ತಿನಲ್ಲಿ ಮಾವ ಹೊರಟುಹೋದರು. ಗಣಿಯ ಅಂಚಿನಲ್ಲಿ, ಕಾಲಿಟ್ಟರೆ ಜಾರುವ ಜಾಗದಲ್ಲಿ ನಿಂತಿದ್ದವರನ್ನು ಯಾರೋ ಕೈಹಿಡಿದು ಕರೆತಂದರು. ಅವತ್ತು ಸಂಜೆ ನನ್ನ ಗಂಡ ಖಡಾಖಂಡಿತವಾಗಿ ಹೇಳಿದರು.

"ಇನ್ನೊಂದ್ಸಲ ಹೀಗಾದ್ರೆ ಅಪ್ಪನ ರೂಮಿಗೆ ಹೊರಗಿಂದ ಬೀಗ ಹಾಕ್ತೀನಿ. ಯಾರು ಏನಾದ್ರೂ ಅಂದ್ಕೊಳ್ಳಲಿ."

"ನಮ್ಮಣ್ಣನ್ನ ಕೂಡಿಹಾಕ್ತೀಯೇನೋ?" ಏಣಿಯಮ್ಮ ತಟ್ಟೆ ಸರಿಸಿ ಎದ್ದರು. "ಆ ಕ್ಯಾಮೆರಾ ಜವಾಬ್ದಾರಿ ಇನ್ಮೇಲೆ ನಂದು. ಅದು ಕಣ್ಮುಚ್ಚಿದ ದಿನ ನಿನ್ನ ಬೀಗ ತಗೊಂಡು ಬಾ."

ಮರುದಿನದಿಂದ ಅವರ ಪಾಡು ನೋಡಬೇಕಿತ್ತು. ಕ್ಯಾಮೆರಾದ ಸೋಲಾರ್ ಪ್ಯಾನೆಲ್ಲಿನ ಮೇಲೆ ಇಬ್ಬನಿಗೆ ಮೆತ್ತಿ ಗಟ್ಟಿ ಕೂತ ದೂಳನ್ನು ಒಣಬಟ್ಟೆಯಿಂದ ಮೆಲ್ಲಗೆ ಬಿಡಿಸುತ್ತಿದ್ದರು. ನಾನು ಬಿಸಿನೀರು ಕೊಡಲು ಹೋಗಿ ಬೈಸಿಕೊಂಡೆ, ಗಾಜು ಬಿರುಕು ಬಿಡುತ್ತದಂತೆ. ಚಳಿಗಾಲದ ಸೂರ್ಯ ತಲೆಯ ಮೇಲೆ ಬರುವುದೇ ಇಲ್ಲ, ಬದಿಯಲ್ಲೇ ಸರಿದುಹೋಗುತ್ತಾನೆಂದು ಪ್ಯಾನೆಲ್ಲನ್ನು ದಕ್ಷಿಣಕ್ಕೆ ಓರೆಯಾಗಿ ಎತ್ತಿ ನಿಲ್ಲಿಸಿದರು. ಪಕ್ಕದ ಮನೆಯ ನೀರಿನ ಟ್ಯಾಂಕಿನ ನೆರಳು ಬೀಳುತ್ತದೆಂದು ಉದ್ದದ ವೈರು ಹಾಕಿ ಅದನ್ನು ಹಿತ್ತಲಿನ ಶೆಡ್ಡಿನ ಮೇಲಕ್ಕೆ ಸಾಗಿಸಿದರು. ಪಕ್ಕದ ಮರದ ಕೊಂಬೆ ಅಲ್ಲಾಡಿದರೂ ಕ್ಯಾಮೆರಾ ಎಚ್ಚರಾಗಿ ಬ್ಯಾಟರಿ ತಿನ್ನುತ್ತದೆಂದು ಕೊಂಬೆ ಕತ್ತರಿಸಿದರು. ಆ ವಯಸ್ಸಿಗೆ, ಆ ಮಂಡಿಗೆ, ಆ ಚಳಿಗೆ! ಬೈಯುತ್ತಲೇ ನಾನು ಏಣಿ ಹಿಡಿದು ನಿಲ್ಲುತ್ತಿದ್ದೆ. ನನಗೆ ಅವರೆಂದರೆ ಹೆಮ್ಮೆ. ಎದುರಿಗೆ ಹೇಳಿದರೆ ತಲೆಯ ಮೇಲೆ ಕೂರುತ್ತಾರೆಂದು ಹೇಳುತ್ತಿರಲಿಲ್ಲ, ಅಷ್ಟೇ.

ಇಷ್ಟೆಲ್ಲ ಮಾಡಿದರೂ ಹಾಳು ಬ್ಯಾಟರಿ ಇಳಿಯುತ್ತಲೇ ಇತ್ತು. ಏಣಿಯಮ್ಮನ ಮುಖವೂ ಜೊತೆಗೇ ಇಳಿಯತೊಡಗಿತು. ಒಂದು ಬೆಳಿಗ್ಗೆ ಅವರು ಏಣಿಯ ಮೇಲಿಂದಲೇ ಕೂಗಿದರು.

"ಏ, ನಿನ್ನ ಫೋನೆಲ್ಲಿದೆ?"

"ಫ್ರಿಜ್ಜಿನ ಮೇಲೆ. ಯಾಕೆ?"

"ಮತ್ತೆ ಕ್ಯಾಮೆರಾದ ನೀಲಿ ಲೈಟು ಯಾಕೆ ಉರೀತಿದೆ? ಯಾರೋ ಫೋನಲ್ಲಿ ತೆರೆದು ನೋಡ್ತಿದಾರೆ."

ದೀಪ ಆರಿತು. ಸ್ವಲ್ಪ ಹೊತ್ತಿಗೆ ಮತ್ತೆ ಹತ್ತಿತು. ನನ್ನ ಗಂಡನನ್ನು ಕೇಳಿದರೆ ಕೆಲಸದಲ್ಲಿದ್ದೇನೆ, ಫೋನು ಮುಟ್ಟಿಲ್ಲ ಎಂದರು. ಉಳಿದವರು ಒಬ್ಬರೇ, ನಮ್ಮ ಅತ್ತೆ. ನಾದಿನಿಗೆ ಅವಳಿ ಮಕ್ಕಳಾದವೆಂದು ಬಾಣಂತನಕ್ಕೆ ದೂರದ ಊರಿಗೆ ಹೋಗಿದ್ದರು. ಹೋಗುವಾಗ ಅವರ ಫೋನಿಗೂ ಆ ಕ್ಯಾಮೆರಾದ ಆ್ಯಪ್ ಹಾಕಿಕೊಟ್ಟವಳು ನಾನೇ. ಒಂದು ಮಗು ಮಲಗಿತೆಂದರೆ ಗೇಟು ನೋಡುವುದು, ಇನ್ನೊಂದಕ್ಕೆ ಹಾಲು ಕುಡಿಸುತ್ತಾ ಗೇಟು ನೋಡುವುದು. ಮಾವ ಹಿತ್ತಲಲ್ಲಿ ಕಂಡರೆ ಕಣ್ಣು ತೆಗೆಯುತ್ತಲೇ ಇರಲಿಲ್ಲವಂತೆ.

ಏಣಿಯಮ್ಮ ಫೋನು ಮಾಡಿದರು. "ಅತ್ತಿಗೆ, ನೀವು ನೋಡಿ ನೋಡಿಯೇ ಬ್ಯಾಟರಿ ಖಾಲಿ ಆಗ್ತಿದೆ. ಅಣ್ಣ ನಿಜವಾಗ್ಲೂ ಗೇಟು ದಾಟೋ ಹೊತ್ತಿಗೆ ಅದಕ್ಕೆ ಉಸಿರೇ ಇರಲ್ಲ."

ಅತ್ತೆ ಅಳುವ ದನಿಯಲ್ಲಿ, "ನೋಡದೆ ಹೇಗಿರ್ಲೇ? ನಾನು ಫೋನಲ್ಲಿ ಮುಖ ತೋರಿಸಿದ್ರೆ ನಿಮ್ಮಣ್ಣ ಯಾರೋ ಟೀವಿಯವಳು ಅಂತ ಫೋನು ಪಕ್ಕಕ್ಕಿಡ್ತಾರೆ" ಎಂದರು.

ಏಣಿಯಮ್ಮ ಕೂತು ಯೋಚಿಸಿ ಒಂದು ದಾರಿ ಕಂಡುಹಿಡಿದರು. ನಡುಮಧ್ಯಾಹ್ನ ಪ್ಯಾನೆಲ್ಲಿಗೆ ನೇರ ಬಿಸಿಲು ಬೀಳುವಾಗ ನೋಡಿದರೆ ಖರ್ಚಾದದ್ದು ಅಲ್ಲಿಂದಲ್ಲಿಗೇ ತುಂಬುತ್ತದೆ. ಆಗ ಮಾತ್ರ ನೋಡಬೇಕು, ಕ್ಯಾಮೆರಾದಲ್ಲೇ ಅಣ್ಣನ ಜೊತೆ ಮಾತಾಡಬೇಕು. ಬಿಸಿಲಿಲ್ಲದ ದಿನ ನೋಡಲೇಬಾರದು. ಅತ್ತೆ ಒಪ್ಪಿದರು.

ಅಂದಿನಿಂದ ಮಧ್ಯಾಹ್ನವಾದರೆ ಏಣಿಯಮ್ಮ ಅಣ್ಣನಿಗೆ ಇಸ್ತ್ರಿ ಶರಟು ತೊಡಿಸಿ, ತಲೆ ಬಾಚಿ, ಗೇಟಿನ ಮುಂದೆ ಕುರ್ಚಿ ಹಾಕಿ ಕೂರಿಸುತ್ತಿದ್ದರು. ಕ್ಯಾಮೆರಾದ ಸ್ಪೀಕರಿನಿಂದ ಅತ್ತೆಯ ದನಿ ಬರುತ್ತಿತ್ತು. "ಊಟ ಆಯ್ತಾ?" ಮಾವ ಗೇಟಿನತ್ತ ನೋಡಿ, "ಆಯ್ತು. ಹೊರಗ್ಯಾಕೆ ನಿಂತಿದ್ದೀಯ, ಒಳಗ್ಬಾ" ಎನ್ನುತ್ತಿದ್ದರು. "ಬರ್ತೀನಿ, ಸ್ವಲ್ಪ ಕೆಲ್ಸ ಇದೆ" ಎನ್ನುತ್ತಿದ್ದರು ಅತ್ತೆ. ಬ್ಯಾಟರಿ ಚೇತರಿಸಿಕೊಂಡಿತು. ಮಾವನೂ ಒಂದಷ್ಟು ಚೇತರಿಸಿಕೊಂಡಂತೆ ಕಂಡರು. ನನ್ನ ಗಂಡನ ಬಾಯಲ್ಲಿ ಬೀಗದ ಮಾತು ಕಡಿಮೆಯಾಯಿತು.

ಆಮೇಲೆ ಹಿಡಿಯಿತು ನೋಡಿ ಮಬ್ಬು. ದಿನಗಟ್ಟಲೆ ಸೂರ್ಯನ ಮುಖವೇ ಇಲ್ಲ. ಏಣಿಯಮ್ಮ ಇದ್ದಬದ್ದ ಬೆಳಕಿಗೆಲ್ಲ ಪ್ಯಾನೆಲ್ಲು ಒರೆಸಿದರು. ಅತ್ತೆ ಮಾತು ಉಳಿಸಿಕೊಂಡರು, ಒಮ್ಮೆಯೂ ತೆರೆದು ನೋಡಲಿಲ್ಲ. ಮಾವ ಮಾತ್ರ ಮಧ್ಯಾಹ್ನವಾದರೆ ತಾವೇ ಹೋಗಿ ಕುರ್ಚಿಯಲ್ಲಿ ಕೂರುತ್ತಿದ್ದರು. ಒಳಗೆ ಕರೆದರೆ ಬರುತ್ತಿರಲಿಲ್ಲ.

ಒಂದು ರಜೆಯ ದಿನ ನಾವು ಊಟಕ್ಕೆ ಕೂತಿದ್ದಾಗ ಎಲ್ಲರ ಫೋನುಗಳೂ ಒಟ್ಟಿಗೆ ಗಂಟೆ ಬಾರಿಸಿದವು. ಕ್ಯಾಮೆರಾದಲ್ಲಿ ಇನ್ನೂ ಉಸಿರಿತ್ತು! ಫೋನಿನಲ್ಲಿ ಗೇಟು ದಾಟುತ್ತಿದ್ದ ಮಾವ ಮಸುಕಾಗಿ ಕಂಡರು. ಮೂವರೂ ಎಂಜಲು ಕೈಯಲ್ಲೇ ಓಡಿದೆವು. ಎದುರಿಗಿದ್ದವರು ಕಾಣದಂಥ ಮಂಜು. ದಾರಿಯ ತಿರುವಿನಲ್ಲಿ, ಗಣಿ ಇನ್ನೂ ದೂರವಿರುವಾಗಲೇ, ಮಾವ ಸಿಕ್ಕಿದರು. ಇಸ್ತ್ರಿ ಶರಟು ತಾವೇ ತೊಟ್ಟಿದ್ದರು, ಗುಂಡಿಗಳೆಲ್ಲ ತಪ್ಪುತಪ್ಪಾಗಿದ್ದವು.

ನನ್ನ ಗಂಡ ರಟ್ಟೆ ಹಿಡಿದು ರೇಗಿದರು. "ಎಲ್ಲಿಗಪ್ಪಾ ಹೊರಟೆ, ಈ ಮಂಜಲ್ಲಿ?"

"ನಿಮ್ಮಮ್ಮ ಗೇಟಿನ ಹತ್ರ ಬರೋದೇ ಬಿಟ್ಟಿದ್ದಾಳಲ್ಲೋ" ಎಂದರು ಮಾವ. "ದಿನಾ ಕಾದೆ. ಏನೋ ಕೋಪ ಬಂದಿರ್ಬೇಕು. ನಾನೇ ಹೋಗಿ ಕರ್ಕೊಂಡು ಬರೋಣ ಅಂತ."

ಏಣಿಯಮ್ಮ ಅಲ್ಲೇ ದಾರಿಯ ಬದಿಯ ಕಲ್ಲಿನ ಮೇಲೆ ಕುಸಿದು ಕೂತರು. ಎಂಥ ಚಳಿಗೂ ಅಲ್ಲಾಡದ ಹೆಂಗಸು ಮುಖ ಮುಚ್ಚಿಕೊಂಡು ಬಿಕ್ಕಿದರು. "ಅತ್ತಿಗೆ ಬರ್ತಿದ್ರು ಅಣ್ಣಾ, ನಾನೇ ಬೇಡ ಅಂದೆ." ನಾನು ಅವರ ಹೆಗಲು ತಬ್ಬಿಕೊಂಡೆ. ನಿಮ್ಮಿಂದಲೇ ಇವತ್ತು ಗಂಟೆ ಬಾರಿಸಿದ್ದು, ನಿಮ್ಮಿಂದಲೇ ಮಾವ ಉಳಿದದ್ದು ಎಂದು ಕೊನೆಗೂ ಬಾಯಿಬಿಟ್ಟು ಹೇಳಿದೆ.

ನನ್ನ ಗಂಡ ಅಪ್ಪನ ಶರಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ ಸರಿಯಾಗಿ ಹಾಕಿದರು. ಆಮೇಲೆ ಫೋನು ತೆಗೆದರು.

"ಅಮ್ಮಾ, ಫೋನಲ್ಲಿ ಕ್ಯಾಮೆರಾ ತೆರೆದು ನೋಡು. ಅಪ್ಪನ್ನ ಗೇಟಿನ ಹತ್ರ ಕರ್ಕೊಂಡು ಬರ್ತಿದ್ದೀನಿ, ಮಾತಾಡು."

"ಬಿಸಿಲಿಲ್ವಲ್ಲೋ, ಬ್ಯಾಟರಿ ಹೋಗ್ಬಿಡುತ್ತೆ" ಎಂದು ಅತ್ತೆ ಗಾಬರಿಯಾದದ್ದು ನಮಗೂ ಕೇಳಿಸಿತು.

"ಹೋಗ್ಲಿ ಬಿಡಮ್ಮ. ಅದು ಹೋದ್ರೆ ಗೇಟಲ್ಲಿ ನಾನು ಕೂತಿರ್ತೀನಿ."