ಮೊಹರು ನೋಡಿ ಆರಿಸಿದ ಭಾರತ ತಂಡ

ನಾನು ಸಿಂಧನೂರಿನ ಹೈಸ್ಕೂಲೊಂದರಲ್ಲಿ ಪಿ.ಟಿ. ಮಾಸ್ತರ. ಪಕ್ಕದ ಊರು ಮುಕ್ಕುಂದದ ಹುಡುಗಿಯೊಬ್ಬಳು ನನ್ನ ಹಳೆಯ ವಿದ್ಯಾರ್ಥಿನಿ. ಕಬಡ್ಡಿಯಲ್ಲಿ ರೇಡಿಗೆ ಹೋದರೆ ಬರಿಗೈಲಿ ಬಂದವಳಲ್ಲ. ಅವಳ ತಾಯಿ ಭತ್ತದ ನಾಟಿಗೆ ಕೂಲಿ ಹೋಗುವವಳು. ಕ್ರೀಡಾ ಕೋಟಾದಲ್ಲಿ ಮಗಳು ಪೊಲೀಸ್ ಆಗಲಿ ಎಂಬುದೊಂದೇ ಆ ಮನೆಯ ಆಸೆ.

ಆಗ ಆಟಕ್ಕೆ ಎರಡು ಸಂಘಗಳು, ಎರಡೂ ತಾವೇ ಭಾರತ ಎನ್ನುತ್ತಿದ್ದವು. ಒಂದರ ಆಯ್ಕೆ ಲಿಂಗಸುಗೂರಿನಲ್ಲಿ, ಇನ್ನೊಂದರದು ಮಸ್ಕಿಯಲ್ಲಿ. ಮಸ್ಕಿಯವರ ಪತ್ರದಲ್ಲಿ ನೇಪಾಳದ ಪಂದ್ಯದ ಮಾತಿತ್ತು, ಕೆಳಗೆ ದುಂಡನೆಯ ನೀಲಿ ಮೊಹರು. ನಮ್ಮ ಕಡೆ ಮೊಹರು ಬಿದ್ದ ಕಾಗದವನ್ನು ಕಣ್ಣಿಗೊತ್ತಿಕೊಳ್ಳುತ್ತೇವೆ, ಓದುವುದಿಲ್ಲ.

ಲಿಂಗಸುಗೂರಿನ ಗೆಳೆಯನೊಬ್ಬ ಫೋನ್ ಮಾಡಿದ. ಅವನೂ ಪಿ.ಟಿ. ಮಾಸ್ತರನೇ. “ಲೇ, ಆ ಮಸ್ಕಿಯವರ ಸಂಘಕ್ಕ ಅಂತರರಾಷ್ಟ್ರೀಯ ಸಂಸ್ಥೆಯ ಮಾನ್ಯತೆ ಇಲ್ಲ. ಸರ್ಕಾರನೂ ಅದನ್ನ ಒಪ್ಪಂಗಿಲ್ಲ. ಅಲ್ಲಿ ಆಡಿದ್ರ ಈ ಕಡೆ ಮತ್ತ ಸೇರಿಸ್ಕೊಳ್ಳಂಗಿಲ್ಲ. ಹುಡುಗಿ ಬಾಳು ಹಾಳು ಮಾಡಬ್ಯಾಡ,” ಎಂದ. ಹೊಟ್ಟೆಕಿಚ್ಚು ಅಂದುಕೊಂಡೆ. ಖರೇ ಹೇಳುತ್ತೇನೆ, ತರಬೇತುದಾರನೆಂದು ಮಸ್ಕಿಯವರು ನನಗೂ ಒಂದು ಟ್ರ್ಯಾಕ್‌ಸೂಟ್ ಕೊಡುವವರಿದ್ದರು, ಬೆನ್ನ ಮೇಲೆ ‘ಇಂಡಿಯಾ’ ಎಂದು ಬರೆದದ್ದು. ಈ ವಯಸ್ಸಿನಲ್ಲಿ ಅದರ ಆಸೆಗೆ ಬಿದ್ದು ಹುಡುಗಿಯನ್ನು ಮಸ್ಕಿಗೇ ಕರೆದೊಯ್ದೆ.

ನೇಪಾಳಕ್ಕೆ ಹೋಗಿ ಗೆದ್ದು ಬಂದೆವು. ಸಿಂಧನೂರಿನ ಬಸ್ ಸ್ಟ್ಯಾಂಡಿನಲ್ಲಿ ಹಾರ, ಶಾಲು, ಹಲಗೆಯ ಸದ್ದು. ಅವಳಿಗಿಂತ ಮೊದಲು ನಾನೇ ಕೊರಳು ಚಾಚಿದೆ.

ಪೊಲೀಸ್ ಭರ್ತಿಯ ದಾಖಲೆ ಪರಿಶೀಲನೆಗೂ ನಾನೇ ಜೊತೆಗೆ ಹೋದೆ. ಗುಮಾಸ್ತ ಅವಳ ಪ್ರಮಾಣಪತ್ರವನ್ನು ತಿರುಗಿಸಿ ನೋಡಿ ಬದಿಗಿಟ್ಟ.

“ಈ ಪಂದ್ಯಕ್ಕ ಭಾರತ ತನ್ನ ತಂಡನ ಕಳಿಸಿಲ್ಲವ್ವ.”

“ಹಂಗಾದ್ರ ನಾ ಯಾರ ಪರವಾಗಿ ಆಡಿ ಬಂದೆ ಸರ್?” ಎಂದು ಕೇಳಿದಳು.

ಆತ ಮುಂದಿನವರ ಹೆಸರು ಕೂಗಿದ.

ಸಂಜೆ ಅವಳನ್ನು ಮುಕ್ಕುಂದಕ್ಕೆ ಬಿಡಲು ಹೋದೆ. ಗದ್ದೆಯಿಂದ ಆಗಷ್ಟೇ ಬಂದಿದ್ದ ತಾಯಿ ಸುದ್ದಿ ಕೇಳಿ ಕೆಸರುಗಾಲಲ್ಲೇ ಕಟ್ಟೆಯ ಮೇಲೆ ಕುಸಿದು ಕೂತಳು. ನನ್ನ ಕಡೆ ತಿರುಗಿ, “ನಿಮ್ಮನ್ನ ನಂಬಿ ಕಳಿಸಿದ್ನಲ್ರಿ ಸರ್ರ. ನಿಮಗರ ಗೊತ್ತಿರಲಿಲ್ಲೇನ್ರಿ?” ಎಂದಳು.

ಅಷ್ಟರಲ್ಲಿ ಹುಡುಗಿಯೇ ತಾಯಿಯನ್ನು ಗದರಿದಳು: “ಸರ್ರಿಗೇನ್ ಗೊತ್ತಿತ್ತಬೇ ಯವ್ವಾ, ಪಾಪ! ಅವ್ರೂ ನನ್ನಂಗ ಮೋಸ ಹೋಗ್ಯಾರ.”

“ಹೌದವ್ವ,” ಅಂದೆ.

ತಾಯಿ ಕಣ್ಣೊರೆಸಿಕೊಂಡು, ನನ್ನನ್ನು ನೋಯಿಸಿದೆನೇನೋ ಎಂಬಂತೆ ಒಳಗೆ ಹೋಗಿ ಚಹಾ ಮಾಡಿ ತಂದಳು. ಕೂತು ಕುಡಿದೆ.