ಯುಗಾದಿಗೆ ಹೇಳಬೇಕಿದ್ದ ಮಾತು

ಎಪ್ಪತ್ತೈದನೇ ಇಸವಿ, ಯುಗಾದಿ ಹಿಂದಿನ ಅಮಾವಾಸ್ಯೆ. ಹೋದ ವರ್ಷ ಏನಾಯಿತು, ಬರೋ ವರ್ಷ ಏನು ಮಾಡಬೇಕು ಅಂತ ಅವತ್ತು ಎಲ್ಲರೂ ಕೂತು ಹೇಳುವುದು ಮೋರಟಗಿಯ ನಮ್ಮ ಮನೆಯ ರೂಢಿ. ಎಮ್ಮೆ ಈಯಿತು, ಜೋಳ ಚಲೋ ಬಂತು ಅಂದೆವು. ಮಗಳು ಶೇವಂತಿ ಏಳನೇ ಇಯತ್ತೆ ಪಾಸಾಗ್ತೇನಿ ಅಂದಳು.

ಅತ್ತೆ ತಿಪ್ಪವ್ವ, "ನನಗ ಸಾಯೂದೊಂದು ಉಳದೈತಿ. ಈ ವರ್ಷ ಅದನ್ನ ಮುಗಸ್ತೇನಿ" ಅಂದಳು.

"ಹೋದ ವರ್ಷನೂ ಹಿಂಗ ಅಂದಿದ್ದಿ, ಯವ್ವಾ. ಮಾತಿಗೆ ತಪ್ಪಿದಿ" ಅಂತ ನನ್ನ ಗಂಡ ಸೋಮನಿಂಗ ನಕ್ಕರು.

"ನಿಮ್ದೇನ್ರಿ?" ಅಂದೆ.

"ನಾಳೆ ಬೇವು ಕುಡುದ ಮ್ಯಾಲ ಹೇಳ್ತೇನಿ."

ಮರುದಿನ ಬೆಳಗ್ಗೆ ಇವರು ಬೇವಿನ ಹೂವಿಗೆ ಗಿಡ ಹತ್ತಿದರು. ಟೊಂಗೆ ಮುರಿಯಿತು. ನಾನು ಓಡಿ ಹೋಗುವಷ್ಟರಲ್ಲಿ ಜೀವ ಇರಲಿಲ್ಲ. "ಸಾಯ್ತೇನಿ ಅಂದಾಕಿ ನಾನಲ್ಲೇನೋ" ಅಂತ ಅತ್ತೆ ಎದೆ ಬಡಿದುಕೊಂಡಳು. ನನಗೆ ಅಳುವೇ ಬರಲಿಲ್ಲ. ಇವರು ಏನು ಹೇಳುವವರಿದ್ದರು ಅನ್ನುವುದೊಂದೇ ತಲೆಯಲ್ಲಿ ತಿರುಗುತ್ತಿತ್ತು.

ಎಂಟು ದಿನದ ಮೇಲೆ ಕಲ್ಲು ಕಡಿಯುವ ಯಂಕಪ್ಪ ಹೊಸ ಬೀಸುಕಲ್ಲು ಹೊತ್ತು ತಂದು ಅಂಗಳದಲ್ಲಿ ಇಳಿಸಿದ. ಅವನದು ಬೇರೆ ಊರು, ಸುದ್ದಿ ಗೊತ್ತಿರಲಿಲ್ಲ.

"ಸೋಮಣ್ಣ ಎಲ್ಲಿ ಅದಾರ್ರೆವ್ವಾ? ತಡಾ ಆತು, ಬೈತಾರ."

"ಯಾರು ಹೇಳಿದ್ರು ನಿನಗ ಇದನ್ನ?"

"ಅವರ ಹೇಳಿದ್ರು. ನಮ್ಮಾಕಿಗೆ ಬೀಸಿ ಬೀಸಿ ರಟ್ಟಿ ಸೋತಾವ, ಹಗರು ಕಲ್ಲು ಕಡಿ, ಹೊಸ ವರ್ಷದಿಂದ ಆಕಿಗೆ ತ್ರಾಸ ಆಗಬಾರ್ದು ಅಂದ್ರು. ಯುಗಾದಿ ದಿನ ನಾನ ಹೇಳ್ತೇನಿ, ನೀ ಬಾಯಿ ಬಿಡಬ್ಯಾಡ ಅಂದಿದ್ರು."

ನಾನು ಕಲ್ಲಿನ ಹತ್ತಿರ ಕೂತು ಅದರ ಗೂಟ ಹಿಡಿದೆ. ಹದಿನಾಲ್ಕು ವರ್ಷ ಸಂಸಾರ ಮಾಡಿದರೂ ರಟ್ಟೆ ನೋಯುತ್ತದೆ ಅಂತ ಇವರ ಮುಂದೆ ಒಂದು ಸಲವೂ ನಾನು ಹೇಳಿರಲಿಲ್ಲ.

ಈಗ ಊರಿಗೆ ಹಿಟ್ಟಿನ ಗಿರಣಿ ಬಂದಿದೆ. ನಾನು ದಿನಾ ನಸುಕಿನಲ್ಲಿ ಎದ್ದು ಆ ಕಲ್ಲಲ್ಲೇ ಒಂದು ಸೇರು ಜೋಳ ಬೀಸುತ್ತೇನೆ.